ಫೋಟೋ ಬ್ಯಾಕಪ್: ಒಂದೇ ಏಟಿಗೆ ಎಲ್ಲಾ ಹೋಗದ ಹಾಗೆ ಇಡುವುದು ಹೇಗೆ?

ಫೋಟೋಗಳಿಗೆ ಬ್ಯಾಕಪ್ ಇದೆಯಾ ಅಂತ ಯಾರನ್ನೇ ಕೇಳಿ, 'ಎಲ್ಲಾ ಕ್ಲೌಡ್‌ನಲ್ಲಿದೆ ಬಿಡಿ' ಅನ್ನುತ್ತಾರೆ. ಇಲ್ಲವೇ 'ಹಾರ್ಡ್ ಡಿಸ್ಕ್‌ಗೆ ಹಾಕಿಟ್ಟಿದ್ದೀನಿ' ಅನ್ನುತ್ತಾರೆ. ಎರಡೂ ಒಳ್ಳೆಯದೇ. ಆದರೆ ಹಾರ್ಡ್ ಡಿಸ್ಕ್‌ಗೆ ಹಾಕಿದ ಮೇಲೆ ಜಾಗ ಬೇಕು ಅಂತ ಲ್ಯಾಪ್‌ಟಾಪ್‌ನಿಂದ ಅಳಿಸಿಬಿಟ್ಟರೆ ಅದು ಬ್ಯಾಕಪ್ ಆಗಲಿಲ್ಲ. ಫೋಟೋಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವು ಅಷ್ಟೇ. ಕಾಪಿ ಈಗಲೂ ಒಂದೇ.

ಈ ಮಾರ್ಗದರ್ಶಿ ಪೂರ್ತಿ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಯಾವ ಒಂದು ಅವಘಡ ನಡೆದರೆ ನಿಮ್ಮ ಎಲ್ಲಾ ಕಾಪಿಗಳೂ ಒಟ್ಟಿಗೆ ಹೋಗುತ್ತವೆ? ಲ್ಯಾಪ್‌ಟಾಪ್ ಮತ್ತು ಹಾರ್ಡ್ ಡಿಸ್ಕ್ ಒಂದೇ ಬ್ಯಾಗಿನಲ್ಲಿದ್ದರೆ ಒಬ್ಬ ಕಳ್ಳ ಸಾಕು. ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇದ್ದರೆ ಒಂದು ವೈರಸ್ ಸಾಕು. ಎಲ್ಲವೂ ಒಂದೇ ಆನ್‌ಲೈನ್ ಖಾತೆಯಲ್ಲಿದ್ದರೆ ಪಾಸ್‌ವರ್ಡ್ ಕೈತಪ್ಪಿದರೆ ಸಾಕು. ಕಾಪಿಗಳು ಎಷ್ಟಿವೆ ಅನ್ನುವುದಕ್ಕಿಂತ ಅವು ಎಷ್ಟು ಬೇರೆ ಬೇರೆಯಾಗಿವೆ ಅನ್ನುವುದನ್ನು ನೋಡಿ.

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಹೇಳುವುದೂ ಇದನ್ನೇ. ಒಟ್ಟು 3 ಕಾಪಿ, 2 ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಮನೆಯ ಹೊರಗೆ. ಇದಕ್ಕೆ ನಾನು ಒಂದು ಮಾತು ಸೇರಿಸುತ್ತೇನೆ. ಒಂದು ಕಾಪಿಯಾದರೂ ಯಾವ ತಂತಿಗೂ, ಯಾವ ನೆಟ್‌ವರ್ಕ್‌ಗೂ ಅಂಟಿಕೊಳ್ಳದೆ ಸುಮ್ನೆ ಕಪಾಟಿನಲ್ಲಿ ಕೂತಿರಬೇಕು.

ಮೊದಲು: ಸಿಂಕ್ ಬೇರೆ, ಬ್ಯಾಕಪ್ ಬೇರೆ

ಹೆಚ್ಚಿನವರು ಎಡವುವುದು ಇಲ್ಲಿ. ಸಿಂಕ್ ಅಂದರೆ ಎಲ್ಲಾ ಸಾಧನಗಳಲ್ಲೂ ಒಂದೇ ಸಂಗ್ರಹ ಇರುವ ಹಾಗೆ ನೋಡಿಕೊಳ್ಳುವುದು. ಆ್ಯಪಲ್‌ನ ಐಕ್ಲೌಡ್ ಫೋಟೋಸ್ ಆನ್ ಮಾಡಿದರೆ ನಿಮ್ಮ ಫೋನ್, ಟ್ಯಾಬ್, ಕಂಪ್ಯೂಟರ್ ಎಲ್ಲದರಲ್ಲೂ ಒಂದೇ ಸಂಗ್ರಹ ಕಾಣುತ್ತದೆ. ಮೂರು ಕಡೆ ಇದೆಯಲ್ಲ ಅಂತ ಸಮಾಧಾನ ಆಗುತ್ತದೆ. ಆದರೆ ಒಂದು ಕಡೆ ಡಿಲೀಟ್ ಮಾಡಿದರೆ ಮೂರೂ ಕಡೆ ಡಿಲೀಟ್. 'ರೀಸೆಂಟ್ಲಿ ಡಿಲೀಟೆಡ್' ಆಲ್ಬಮ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಅಳಿಸಿದರೆ ಕಸದ ಬುಟ್ಟಿಯಲ್ಲಿ 60 ದಿನ. ಮಗು ಫೋನಿನಲ್ಲಿ ಆಡುತ್ತಾ ಒಂದು ಆಲ್ಬಮ್ ಅಳಿಸಿತು ಅಂದುಕೊಳ್ಳಿ. ಅದು ನಿಮ್ಮ ಗಮನಕ್ಕೆ ಬರುವುದು ಮುಂದಿನ ವರ್ಷ ಆ ಫೋಟೋ ಹುಡುಕುವಾಗ.

ಗೂಗಲ್ ಫೋಟೋಸ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಅಂತ ಒಂದು ಬಟನ್ ಇದೆ. ಒತ್ತಿದರೆ ಫೋನಿನಲ್ಲಿ ಜಾಗ ಖಾಲಿ ಆಗುತ್ತದೆ, ಖುಷಿ ಆಗುತ್ತದೆ. ಒತ್ತಿದ ಕ್ಷಣದಿಂದ ಆ ಫೋಟೋಗಳಿಗೆ ಇರುವುದು ಕ್ಲೌಡ್‌ನ ಒಂದೇ ಕಾಪಿ. ಬೇರೆ ಕಡೆ ಕಾಪಿ ಆಗುವವರೆಗೆ ಅದನ್ನು ಮುಟ್ಟಬೇಡಿ.

ಹಾಗೆಯೇ ರೇಡ್, ಅಂದರೆ ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಜೋಡಿಸುವ ವಿಧಾನದ ಬಗ್ಗೆ ಒಂದು ಮಾತು. ಎರಡು ಡಿಸ್ಕ್ ಇರುವ ಪೆಟ್ಟಿಗೆ ತಂದು ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುವ ಹಾಗೆ ಮಾಡಿದರೆ, ಒಂದು ಡಿಸ್ಕ್ ಸತ್ತಾಗ ಕೆಲಸ ನಿಲ್ಲುವುದಿಲ್ಲ. ಅಷ್ಟೇ ಅದರ ಉಪಯೋಗ. ನೀವು ಅಳಿಸಿದ್ದು ಎರಡರಲ್ಲೂ ಅಳಿಸಿ ಹೋಗುತ್ತದೆ.

ಹಂತ 1: ಚದುರಿ ಬಿದ್ದಿದ್ದನ್ನು ಒಂದೆಡೆ ತನ್ನಿ

ಒಂದು ಹಾಳೆಯಲ್ಲಿ ಬರೆಯಿರಿ: ಈಗಿನ ಫೋನ್, ಡ್ರಾಯರಿನಲ್ಲಿ ಬಿದ್ದಿರುವ ಹಳೇ ಫೋನ್, ಮೆಮೊರಿ ಕಾರ್ಡ್‌ಗಳು, ಪೆನ್‌ಡ್ರೈವ್‌ಗಳು, ಲ್ಯಾಪ್‌ಟಾಪ್‌ನ ಡೌನ್‌ಲೋಡ್ ಫೋಲ್ಡರ್, ಕ್ಲೌಡ್ ಖಾತೆಗಳು, ವಾಟ್ಸಾಪ್. ಕಂಪ್ಯೂಟರಿನಲ್ಲೋ ದೊಡ್ಡ ಡಿಸ್ಕ್‌ನಲ್ಲೋ ಒಂದು ಮುಖ್ಯ ಫೋಲ್ಡರ್ ಮಾಡಿ ಎಲ್ಲವನ್ನೂ ಅಲ್ಲಿಗೆ ತನ್ನಿ. ತರುವಾಗ 'ಕಾಪಿ' ಮಾಡಿ, 'ಮೂವ್' ಬೇಡ. ಮಧ್ಯದಲ್ಲಿ ಕೇಬಲ್ ಕಿತ್ತು ಬಂದರೂ ಮೂಲ ಅಲ್ಲೇ ಇರಬೇಕು.

ಐಫೋನ್‌ನಲ್ಲಿ 'ಆಪ್ಟಿಮೈಸ್ ಸ್ಟೋರೇಜ್' ಆನ್ ಇದ್ದರೆ ಫೋನಿನಲ್ಲಿ ಬಹಳಷ್ಟು ಫೋಟೋಗಳ ಚಿಕ್ಕ ರೂಪ ಮಾತ್ರ ಇರುತ್ತದೆ, ಪೂರ್ತಿ ಫೈಲ್ ಐಕ್ಲೌಡ್‌ನಲ್ಲಿರುತ್ತದೆ. ಆಗ ಕೇಬಲ್ ಹಾಕಿ ಕಾಪಿ ಮಾಡಿದರೆ ಎಲ್ಲವೂ ಬರುವುದಿಲ್ಲ. 'ಡೌನ್‌ಲೋಡ್ ಆ್ಯಂಡ್ ಕೀಪ್ ಒರಿಜಿನಲ್ಸ್' ಆರಿಸಿ ಎಲ್ಲಾ ಇಳಿಯಲು ಬಿಡಿ. ಫೋನಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಆ್ಯಪಲ್‌ನ ಪ್ರೈವಸಿ ಪುಟದಿಂದ ನಿಮ್ಮ ಫೋಟೋಗಳ ಪೂರ್ತಿ ಕಾಪಿ ಕೇಳಿ ಪಡೆಯಬಹುದು. ವಿಂಡೋಸ್‌ಗೆ ಕಾಪಿ ಮಾಡುವವರು ಫೋಟೋಸ್ ಸೆಟ್ಟಿಂಗ್‌ನಲ್ಲಿ 'ಆಟೋಮ್ಯಾಟಿಕ್' ಬದಲು 'ಕೀಪ್ ಒರಿಜಿನಲ್ಸ್' ಹಾಕಿಕೊಳ್ಳಿ. ಇಲ್ಲದಿದ್ದರೆ ಫೋನ್ ತನ್ನ ಎಚ್‌ಇಐಸಿ ಅನ್ನುವ ಮಾದರಿಯ ಫೋಟೋಗಳನ್ನು ದಾರಿಯಲ್ಲೇ ಜೆಪೆಗ್‌ಗೆ ಬದಲಾಯಿಸಲು ನೋಡುತ್ತದೆ. ಎಷ್ಟೋ ಸಲ ಅರ್ಧಕ್ಕೇ ಕಾಪಿ ನಿಂತು ಎರರ್ ಬರುವುದೂ ಇದರಿಂದಲೇ.

ಗೂಗಲ್ ಫೋಟೋಸ್‌ನಿಂದ ಎಲ್ಲವನ್ನೂ ಒಟ್ಟಿಗೆ ಇಳಿಸಲು ಗೂಗಲ್ ಟೇಕ್‌ಔಟ್ ಬಳಸಿ. ಕೋರಿಕೆ ಹಾಕಿದರೆ ಕೆಲವು ಗಂಟೆ ಅಥವಾ ದಿನಗಳಲ್ಲಿ ಜಿಪ್ ಫೈಲ್‌ಗಳ ಲಿಂಕ್ ಬರುತ್ತದೆ. ಲಿಂಕ್ ಸುಮಾರು ಒಂದು ವಾರ ಮಾತ್ರ ಇರುತ್ತದೆ, ಬಂದ ತಕ್ಷಣ ಇಳಿಸಿಕೊಳ್ಳಿ. ಜಿಪ್ ಬಿಚ್ಚಿದಾಗ ಗಾಬರಿ ಆಗುವುದು ಸಹಜ. ಪ್ರತಿ ಫೋಟೋ ಪಕ್ಕದಲ್ಲಿ ಅದೇ ಹೆಸರಿನ, ಫೋಟೋದ ಮಾಹಿತಿ ಬರೆದಿಟ್ಟ ಒಂದು ಪುಟ್ಟ ಜೇಸನ್ ಫೈಲ್ ಇರುತ್ತದೆ. ಹತ್ತು ವರ್ಷ ಹಳೆಯ ಫೋಟೋದ ಫೈಲ್ ಮೇಲೆ ಇವತ್ತಿನ ತಾರೀಖು ಇರಬಹುದು. ಕ್ಯಾಮೆರಾದಿಂದ ಬಂದ ಫೋಟೋ ಆದರೆ ತೆಗೆದ ದಿನ ಫೋಟೋದ ಒಳಗೇ, ಎಕ್ಸಿಫ್ ಅನ್ನುವ ಮಾಹಿತಿಯಲ್ಲಿ ಭದ್ರವಾಗಿರುತ್ತದೆ. ವಾಟ್ಸಾಪ್‌ನಿಂದ ಬಂದದ್ದಕ್ಕೆ, ನೀವೇ ಆ್ಯಪ್‌ನಲ್ಲಿ ತಾರೀಖು ತಿದ್ದಿದ್ದಕ್ಕೆ, ಬರೆದ ಟಿಪ್ಪಣಿಗೆ ಆ ಜೇಸನ್ ಫೈಲೇ ಆಧಾರ. ಕಸ ಅಂತ ಅಳಿಸಬೇಡಿ. ಎಕ್ಸಿಫ್‌ಟೂಲ್ ಅನ್ನುವ ಉಚಿತ ತಂತ್ರಾಂಶದಿಂದ ಆ ಮಾಹಿತಿಯನ್ನು ಮುಂದೆ ಫೋಟೋದೊಳಗೆ ಸೇರಿಸಬಹುದು.

ವಾಟ್ಸಾಪ್ ಫೋಟೋಗಳನ್ನು ಕುಗ್ಗಿಸುತ್ತದೆ, ಎಕ್ಸಿಫ್ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ಮದುವೆ, ಪ್ರವಾಸದಂಥ ಫೋಟೋಗಳು ಬೇರೆಯವರ ಹತ್ತಿರ ಇದ್ದರೆ 'ಡಾಕ್ಯುಮೆಂಟ್ ಆಗಿ ಕಳಿಸಿ' ಅಂತ ಕೇಳಿ. ಆಗ ಮೂಲ ಫೈಲೇ ಬರುತ್ತದೆ.

ಕಾಗದದ ಹಳೇ ಫೋಟೋಗಳಿದ್ದರೆ ಸಾಮಾನ್ಯ ಗಾತ್ರದವನ್ನು 300 ಡಿಪಿಐ, ಚಿಕ್ಕವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಇದೇ ಫೋಲ್ಡರಿಗೆ ಸೇರಿಸಿ. ಅದು ನಿಧಾನದ ಕೆಲಸ, ಉಳಿದದ್ದನ್ನು ಅದಕ್ಕಾಗಿ ತಡೆಯಬೇಡಿ.

ಹಂತ 2: ಜೋಡಿಸಿ, ಆದರೆ ಅತಿ ಬೇಡ

ವರ್ಷಕ್ಕೊಂದು ಫೋಲ್ಡರ್. ಅದರೊಳಗೆ '2019-05-12 ಅಕ್ಕನ ಮದುವೆ' ಅನ್ನುವ ತರಹದ ಹೆಸರು. ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬರೆದರೆ ಕಂಪ್ಯೂಟರ್ ತಾನಾಗಿಯೇ ಸಾಲಾಗಿ ಜೋಡಿಸುತ್ತದೆ. ಇಷ್ಟು ಸಾಕು.

ಎರಡೆರಡು ಬಾರಿ ಇರುವ ಫೋಟೋ ತೆಗೆಯಬೇಕು, ಮಸುಕಾದದ್ದು ಅಳಿಸಬೇಕು, ಮುಖಗಳಿಗೆ ಹೆಸರು ಹಾಕಬೇಕು, ಆಮೇಲೆ ಬ್ಯಾಕಪ್ ಮಾಡೋಣ ಅಂದುಕೊಂಡವರ ಬ್ಯಾಕಪ್ ಯಾವತ್ತೂ ಆಗುವುದಿಲ್ಲ. ಮೊದಲು ಗಲೀಜು ಗಲೀಜಾಗಿಯೇ ಒಂದು ಕಾಪಿ ಮಾಡಿ. ಡೂಪ್ಲಿಕೇಟ್ ಹುಡುಕುವ ಕೆಲಸ ಆಮೇಲೆ. ಡಿಜಿಕ್ಯಾಮ್, ಚ್ಕಾವ್ಕಾದಂಥ ಉಚಿತ ತಂತ್ರಾಂಶಗಳಿವೆ. ಅವು 'ಒಂದೇ ತರಹ ಕಾಣುವ' ಫೋಟೋಗಳನ್ನೂ ತೋರಿಸುತ್ತವೆ, ಕಣ್ಣು ಮುಚ್ಚಿಕೊಂಡು ಅಳಿಸಬೇಡಿ. ಬರೀ ಸೈಜ್ ನೋಡಿ ನಿರ್ಧರಿಸುವುದೂ ಬೇಡ. ಐಫೋನ್‌ನ ಲೈವ್ ಫೋಟೋದಲ್ಲಿ ಒಂದು ಚಿತ್ರ, ಒಂದು ಪುಟ್ಟ ವಿಡಿಯೋ ಒಂದೇ ಹೆಸರಿನಲ್ಲಿ ಜೋಡಿಯಾಗಿರುತ್ತವೆ. ಡೂಪ್ಲಿಕೇಟ್ ಅಂದುಕೊಂಡು ಒಂದನ್ನು ಅಳಿಸಿದರೆ ಜೋಡಿ ಮುರಿಯುತ್ತದೆ.

ಹಂತ 3: ಎಷ್ಟು ಜಾಗ ಬೇಕು, ಯಾವ ಡಿಸ್ಕ್ ಬೇಕು

ಮುಖ್ಯ ಫೋಲ್ಡರಿನ ಗಾತ್ರ ನೋಡಿ. 4 ಎಂಬಿ ಲೆಕ್ಕದಲ್ಲಿ 50,000 ಫೋಟೋ ಅಂದರೆ 200 ಜಿಬಿ. ಜಾಗ ನುಂಗುವುದು ವಿಡಿಯೋ. ಐಫೋನ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್‌ನ 4ಕೆ ವಿಡಿಯೋ ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ. ಒಂದು ಗಂಟೆಗೆ 10 ಜಿಬಿ. ಹಾಗಾಗಿ ಈಗಿನ ಗಾತ್ರದ ಎರಡು ಪಟ್ಟಾದರೂ ಇರುವ ಡಿಸ್ಕ್ ತಗೊಳ್ಳಿ.

ಕಪಾಟಿನಲ್ಲಿಡುವ ಕಾಪಿಗೆ ತಿರುಗುವ ಹಳೇ ಮಾದರಿಯ ಹಾರ್ಡ್ ಡಿಸ್ಕೇ ನನ್ನ ಆಯ್ಕೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯ ವೇಗ ಜಾಸ್ತಿ, ಬಿದ್ದರೂ ತಡೆಯುತ್ತದೆ. ಆದರೆ ಅದರಲ್ಲಿ ಮಾಹಿತಿ ನಿಲ್ಲುವುದು ವಿದ್ಯುತ್ ಕಣಗಳ ರೂಪದಲ್ಲಿ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ನಿಧಾನಕ್ಕೆ ಸೋರಿ ಹೋಗಬಹುದು. ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಿಗೂ ಇದೇ ಸಮಸ್ಯೆ. ಅವು ಸಾಗಿಸಲು ಸರಿ, ಕೂಡಿಡಲು ಅಲ್ಲ.

ಎರಡು ಡಿಸ್ಕ್ ಬೇಕು. ಸಾಧ್ಯವಾದರೆ ಬೇರೆ ಬೇರೆ ಕಂಪನಿಯದ್ದು. ಒಂದೇ ದಿನ ಒಂದೇ ಡಬ್ಬದಿಂದ ಬಂದ ಎರಡು ಡಿಸ್ಕ್‌ಗಳಲ್ಲಿ ಒಂದೇ ದೋಷ ಇರುವ ಸಾಧ್ಯತೆ ಇದೆ. ವಿಂಡೋಸ್, ಮ್ಯಾಕ್ ಎರಡರಲ್ಲೂ ಬಳಸುವುದಾದರೆ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ವಿಡಿಯೋ ಕೂರುವುದಿಲ್ಲ.

ಮನೆಯ ಹೊರಗೆ ಹೋಗುವ ಡಿಸ್ಕ್‌ಗೆ ಪಾಸ್‌ವರ್ಡ್ ಬೀಗ ಹಾಕಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದೆ, ಆದರೆ ಹೋಮ್ ಆವೃತ್ತಿಯಲ್ಲಿ ಹೊರಗಿನ ಡಿಸ್ಕ್‌ಗೆ ಬೀಗ ಹಾಕಲು ಬರುವುದಿಲ್ಲ. ವೆರಾಕ್ರಿಪ್ಟ್ ಉಚಿತ, ಎಲ್ಲಾ ಕಡೆ ನಡೆಯುತ್ತದೆ. ಪಾಸ್‌ವರ್ಡ್ ಮರೆತರೆ ತೆಗೆಯುವ ದಾರಿಯೇ ಇಲ್ಲ ಅನ್ನುವುದು ನೆನಪಿರಲಿ. ಅದಕ್ಕೇ ಮನೆಯಲ್ಲಿಡುವ ಡಿಸ್ಕ್‌ಗೆ ನಾನು ಬೀಗ ಹಾಕುವುದಿಲ್ಲ. ಮನೆಯವರು ಯಾರಾದರೂ ಸಿಕ್ಕಿಸಿದ ಕೂಡಲೇ ಅದು ತೆರೆಯಬೇಕು.

ಹಂತ 4: ಕಾಪಿ ಮಾಡಿ, ಸರಿಯಾಗಿದೆಯಾ ನೋಡಿ

ಮೊದಲ ಸಲ ಎಳೆದು ಹಾಕಿದರೂ ನಡೆಯುತ್ತದೆ. ಎರಡನೇ ಸಲದಿಂದ ಹೊಸದು ಯಾವುದು, ಹಳೆಯದು ಯಾವುದು ಅಂತ ತಲೆಕೆಡುತ್ತದೆ. ಫ್ರೀಫೈಲ್‌ಸಿಂಕ್ ಅನ್ನುವ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಅದನ್ನು ಹೀಗೆ ಬಳಸಿ:

1. ಎಡಗಡೆ ನಿಮ್ಮ ಮುಖ್ಯ ಫೋಲ್ಡರ್, ಬಲಗಡೆ ಬ್ಯಾಕಪ್ ಡಿಸ್ಕ್ ಆರಿಸಿ. ಎಡ-ಬಲ ತಿರುಗುಮುರುಗಾಗದಂತೆ ಎರಡು ಸಲ ನೋಡಿ.
2. ಸಿಂಕ್ ವಿಧಾನದಲ್ಲಿ 'ಅಪ್‌ಡೇಟ್' ಆರಿಸಿ. 'ಮಿರರ್' ಅಂದರೆ ಎಡಗಡೆ ಇಲ್ಲದ್ದನ್ನು ಬಲಗಡೆಯೂ ಅಳಿಸುತ್ತದೆ. 'ಅಪ್‌ಡೇಟ್' ಹೊಸದನ್ನೂ ಬದಲಾದದ್ದನ್ನೂ ಮಾತ್ರ ಒಯ್ಯುತ್ತದೆ.
3. ಹಳೆಯ ಫೈಲ್‌ಗಳನ್ನು ಏನು ಮಾಡಬೇಕು ಅನ್ನುವಲ್ಲಿ 'ವರ್ಷನಿಂಗ್' ಆರಿಸಿ, ಅದೇ ಡಿಸ್ಕ್‌ನಲ್ಲಿ ಬೇರೆ ಫೋಲ್ಡರ್ ತೋರಿಸಿ. ಬದಲಾದ ಫೈಲಿನ ಹಳೇ ರೂಪ ಅಲ್ಲಿ ಉಳಿಯುತ್ತದೆ.
4. 'ಕಂಪೇರ್' ಒತ್ತಿ. ಏನೇನು ಆಗಲಿದೆ ಅನ್ನುವ ಪಟ್ಟಿ ಬರುತ್ತದೆ. ಓದಿದ ಮೇಲೆಯೇ 'ಸಿಂಕ್ರೊನೈಸ್'.

ನಾಲ್ಕನೇ ಸಾಲಿನಲ್ಲಿ ಒಂದು ನಿಮಿಷ ನಿಲ್ಲಿ. ನೀವು ಈ ತಿಂಗಳು ಇನ್ನೂರು ಫೋಟೋ ತೆಗೆದಿದ್ದೀರಿ, ಪಟ್ಟಿ ಮಾತ್ರ ಎಂಟು ಸಾವಿರ ಫೈಲ್ 'ಬದಲಾಗಿವೆ' ಅನ್ನುತ್ತಿದೆ ಅಂದುಕೊಳ್ಳಿ. ಏನೋ ಎಡವಟ್ಟಾಗಿದೆ. ಫೋಲ್ಡರ್ ತಪ್ಪಿರಬಹುದು, ಯಾವುದೋ ತಂತ್ರಾಂಶ ಎಲ್ಲಾ ಫೋಟೋಗಳ ಒಳಗೆ ಏನೋ ಬರೆದಿರಬಹುದು, ಅಥವಾ ರ‍್ಯಾನ್ಸಮ್‌ವೇರ್ ಅನ್ನುವ ಹಣ ಕೀಳುವ ವೈರಸ್ ನಿಮ್ಮ ಫೈಲ್‌ಗಳಿಗೆ ಬೀಗ ಜಡಿಯುತ್ತಿರಬಹುದು. ಅಲ್ಲೇ ನಿಲ್ಲಿಸಿ, ಡಿಸ್ಕ್ ಕಿತ್ತಿಡಿ, ಕಾರಣ ಹುಡುಕಿ.

ಮ್ಯಾಕ್ ಇರುವವರಿಗೆ ಟೈಮ್ ಮೆಷಿನ್ ಸುಲಭ. ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಕ್ಕೆ ವಾರಕ್ಕೊಂದು ಕಾಪಿ ಇಡುತ್ತದೆ. ಡಿಸ್ಕ್ ತುಂಬಿದಾಗ ತೀರಾ ಹಳೆಯದನ್ನು ತಾನೇ ತೆಗೆಯುತ್ತದೆ. ಮ್ಯಾಕ್‌ನಲ್ಲೂ 'ಆಪ್ಟಿಮೈಸ್' ಆನ್ ಇದ್ದರೆ ಕ್ಲೌಡ್‌ನಲ್ಲಿ ಮಾತ್ರ ಇರುವ ಮೂಲ ಫೋಟೋಗಳು ಟೈಮ್ ಮೆಷಿನ್‌ಗೆ ಸಿಗುವುದೇ ಇಲ್ಲ.

ಕಾಪಿ ಮುಗಿದ ಮೇಲೆ ಮೊದಲ ಸಲವಾದರೂ ಫ್ರೀಫೈಲ್‌ಸಿಂಕ್‌ನಲ್ಲಿ 'ಫೈಲ್ ಕಂಟೆಂಟ್' ಆಧಾರದಲ್ಲಿ ಹೋಲಿಸಿ. ಸಾಮಾನ್ಯವಾಗಿ ಗಾತ್ರ, ತಾರೀಖು ಮಾತ್ರ ನೋಡುತ್ತದೆ. ಹೀಗೆ ಹೇಳಿದರೆ ಒಳಗಿನ ಒಂದೊಂದು ಬೈಟ್ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ. ಆಮೇಲೆ ಡಿಸ್ಕ್ ಅನ್ನು ಸರಿಯಾಗಿ 'ಇಜೆಕ್ಟ್' ಮಾಡಿ ಕಪಾಟಿಗೆ ಹಾಕಿ.

ಹಂತ 5: ಒಂದು ಕಾಪಿ ಮನೆಯಿಂದ ಆಚೆಗೆ

ಎರಡು ದಾರಿ. ಎರಡನೇ ಡಿಸ್ಕ್ ಅನ್ನು ನಂಬಿಕಸ್ಥರ ಮನೆಯಲ್ಲೋ ಆಫೀಸಿನ ಬೀಗದ ಡ್ರಾಯರಿನಲ್ಲೋ ಇಟ್ಟು ಕೆಲವು ತಿಂಗಳಿಗೊಮ್ಮೆ ಅದಲು ಬದಲು ಮಾಡುವುದು ಒಂದು. ಕ್ಲೌಡ್ ಇನ್ನೊಂದು. ಎರಡೂ ಮಾಡಿದರೆ ಇನ್ನೂ ಒಳ್ಳೆಯದು.

ಕ್ಲೌಡ್‌ಗೆ ಹೋಗುವ ಮೊದಲು ಅಪ್‌ಲೋಡ್ ವೇಗ ಲೆಕ್ಕ ಹಾಕಿ. 500 ಜಿಬಿ ಸಂಗ್ರಹ, 20 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಎಡೆಬಿಡದೆ ನಡೆದರೂ ಸುಮಾರು 55 ಗಂಟೆ. ಡೌನ್‌ಲೋಡ್ ವೇಗ ನೋಡಿ ಮೋಸ ಹೋಗಬೇಡಿ, ಎಷ್ಟೋ ಕನೆಕ್ಷನ್‌ಗಳಲ್ಲಿ ಅಪ್‌ಲೋಡ್ ಅದಕ್ಕಿಂತ ಬಹಳ ಕಡಿಮೆ. ಗೂಗಲ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿಯನ್ನು ಮೇಲ್, ಡ್ರೈವ್, ಫೋಟೋಸ್ ಹಂಚಿಕೊಳ್ಳುತ್ತವೆ. ಐಕ್ಲೌಡ್‌ನಲ್ಲಿ ಉಚಿತ 5 ಜಿಬಿ. ಗೂಗಲ್‌ನಲ್ಲಿ 'ಸ್ಟೋರೇಜ್ ಸೇವರ್' ಬದಲು 'ಒರಿಜಿನಲ್ ಕ್ವಾಲಿಟಿ' ಇರಲಿ, ಇಲ್ಲದಿದ್ದರೆ ಫೋಟೋ ಕುಗ್ಗುತ್ತದೆ, ವಿಡಿಯೋ 1080ಪಿಗೆ ಇಳಿಯುತ್ತದೆ.

ಕ್ಲೌಡ್ ಅಂದರೂ ಎಲ್ಲೋ ಒಂದು ಕಟ್ಟಡದಲ್ಲಿರುವ ಡಿಸ್ಕ್‌ಗಳೇ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಒಂದು ಸುಟ್ಟುಹೋಯಿತು. ಬೇರೆ ಕಾಪಿ ಇಲ್ಲದ ಗ್ರಾಹಕರ ಮಾಹಿತಿಯೂ ಅದರ ಜೊತೆಗೇ ಹೋಯಿತು. 2019ರಲ್ಲಿ ಮೈಸ್ಪೇಸ್, ಸರ್ವರ್ ಬದಲಾಯಿಸುವಾಗ ಮೂರು ವರ್ಷಕ್ಕಿಂತ ಹಳೆಯ ಫೋಟೋ, ವಿಡಿಯೋ, ಹಾಡುಗಳು ಕಳೆದುಹೋಗಿರಬಹುದು ಅಂತ ಒಪ್ಪಿಕೊಂಡಿತು. ನಿಯಮಗಳೂ ಬದಲಾಗುತ್ತವೆ. ಗೂಗಲ್ ಫೋಟೋಸ್‌ನ ಅನಿಯಮಿತ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸುವ ನಿಯಮವೂ ಗೂಗಲ್‌ನಲ್ಲಿದೆ. ಹಾಗಂತ ಕ್ಲೌಡ್ ಬೇಡ ಅನ್ನುತ್ತಿಲ್ಲ. ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ.

ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಆಗ ಕೊಡುವ ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಅವುಗಳ ಸ್ಕ್ರೀನ್‌ಶಾಟ್ ಫೋನಿನಲ್ಲೇ ಇಟ್ಟುಕೊಂಡರೆ ಫೋನ್ ಕಳೆದ ದಿನ ಅದೂ ಕಳೆಯಿತು, ಅಲ್ವಾ?

ಹಂತ 6: ವಾಪಸ್ ತೆಗೆದು ನೋಡಿ

ಬ್ಯಾಕಪ್ ಮಾಡಿದವರು ಬಹಳ ಜನ, ಅದರಿಂದ ಒಂದು ಫೋಟೋ ವಾಪಸ್ ತೆಗೆದು ನೋಡಿದವರು ಕಡಿಮೆ. ಡಿಸ್ಕ್ ಅನ್ನು ಬೇರೆ ಕಂಪ್ಯೂಟರಿಗೆ ಹಾಕಿ. ಅತ್ಯಂತ ಹಳೆಯ ವರ್ಷದ ಕೆಲವು ಫೋಟೋ, ಒಂದು ಉದ್ದ ವಿಡಿಯೋ, ಕ್ಯಾಮೆರಾದ ರಾ ಫೈಲ್ (ಸಂಸ್ಕರಿಸದ ಮೂಲ ಫೋಟೋ) ಇದ್ದರೆ ಅದನ್ನೂ ತೆರೆಯಿರಿ. ಥಂಬ್‌ನೇಲ್ ನೋಡಿ ಸರಿಯಿದೆ ಅನ್ನಬೇಡಿ. ಕೆಟ್ಟ ಫೈಲಿನ ಥಂಬ್‌ನೇಲ್ ಚೆನ್ನಾಗಿಯೇ ಕಾಣಬಹುದು, ಪೂರ್ತಿ ತೆರೆದಾಗ ಕೆಳಗಿನ ಅರ್ಧ ಬೂದು ಬಣ್ಣ ಇರುತ್ತದೆ. ವಿಡಿಯೋವನ್ನು ಕೊನೆಯವರೆಗೆ ಎಳೆದು ನೋಡಿ. ಕ್ಲೌಡ್‌ನಿಂದಲೂ ಒಂದು ಪೂರ್ತಿ ಆಲ್ಬಮ್ ಇಳಿಸಿ, ಗಾತ್ರ ಮೂಲದಷ್ಟೇ ಇದೆಯಾ ಹೋಲಿಸಿ.

ಇದನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಮಾರ್ಚ್ 31ನ್ನು 'ವಿಶ್ವ ಬ್ಯಾಕಪ್ ದಿನ' ಅಂತ ಆಚರಿಸುತ್ತಾರೆ, ನೆಪಕ್ಕೆ ಆ ದಿನವೇ ಆಗಲಿ. ಡಿಸ್ಕ್‌ಗೆ ಹೊಸ ಫೋಟೋ ಹಾಕುವುದು ತಿಂಗಳಿಗೊಮ್ಮೆ. ದೊಡ್ಡ ಕಾರ್ಯಕ್ರಮ, ಪ್ರವಾಸ ಮುಗಿದ ಮೇಲೆ ತಿಂಗಳು ಕಾಯದೆ ಅವತ್ತೇ. ಕ್ಯಾಮೆರಾ ಕಾರ್ಡ್ ಅನ್ನು ಫೋಟೋಗಳು ಎರಡು ಕಡೆ ಸೇರುವವರೆಗೆ ಫಾರ್ಮ್ಯಾಟ್ ಮಾಡಬೇಡಿ. ಡಿಸ್ಕ್ ಮೇಲೆ ಚೀಟಿ ಅಂಟಿಸಿ: ಕೊಂಡ ವರ್ಷ, ಕೊನೆಯ ಬ್ಯಾಕಪ್ ತಾರೀಖು. ಐದು ವರ್ಷ ಆದ ಡಿಸ್ಕ್ ಚೆನ್ನಾಗಿ ನಡೆಯುತ್ತಿದ್ದರೂ ಹೊಸದಕ್ಕೆ ಬದಲಾಯಿಸಿ, ಹಳೆಯದನ್ನು ಹೆಚ್ಚುವರಿ ಕಾಪಿಯಾಗಿ ಇಟ್ಟುಕೊಳ್ಳಿ.

ಏನಾದರೂ ಆಗಿಯೇ ಬಿಟ್ಟರೆ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಹಾಗೆ ಆಗಬಾರದು. ಗಾಬರಿಯಲ್ಲಿ ಮಾಡುವ ಮೊದಲ ಕೆಲಸವೇ ಹೆಚ್ಚು ಹಾನಿ ಮಾಡುತ್ತದೆ. ಆದ್ದರಿಂದ ಇದನ್ನು ಈಗಲೇ ಓದಿಟ್ಟುಕೊಳ್ಳಿ.

ಒಂದು ಡಿಸ್ಕ್ ಹೋಯಿತು, ಉಳಿದದ್ದು ಒಂದೇ ಕಾಪಿ: ಆ ಕಾಪಿಯಿಂದ ಹೊಸ ಡಿಸ್ಕ್‌ಗೆ ತುಂಬಿಸುವುದು ಮೊದಲ ಕೆಲಸ. ಜೋಡಿಸುವುದು, ಹುಡುಕುವುದು, ಹಳೇ ಡಿಸ್ಕ್ ರಿಪೇರಿ ಎಲ್ಲಾ ಆಮೇಲೆ.

ಕಾರ್ಡ್‌ನಿಂದ ತಪ್ಪಿ ಅಳಿಸಿಹೋಯಿತು: ಕಾರ್ಡ್ ತಕ್ಷಣ ತೆಗೆಯಿರಿ, ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ಹೊಸದನ್ನು ಬರೆಯುವವರೆಗೆ ಹಳೆಯದು ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶ ಹುಡುಕಿ ಕೊಡುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೆ ಉಳಿಸಿ, ಅದೇ ಕಾರ್ಡ್‌ಗಲ್ಲ. ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಯಲ್ಲಿ ಈ ಆಸೆ ಕಡಿಮೆ, ಅಳಿಸಿದ ಜಾಗವನ್ನು ಅದು ತಾನೇ ಬೇಗ ಒರೆಸಿ ಹಾಕುತ್ತದೆ.

ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿದೆ: ಆಫ್ ಮಾಡಿ. ಮತ್ತೆ ಮತ್ತೆ ಹಚ್ಚಿ ನೋಡಬೇಡಿ, ಒಳಗಿನ ಹೆಡ್ ತಟ್ಟೆಯನ್ನು ಗೀರುತ್ತಿರಬಹುದು. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಮಾತು ನಂಬಬೇಡಿ, ತೇವ ಕೂತು ಇನ್ನೂ ಕೆಡುತ್ತದೆ. ಬೇರೆ ಕಾಪಿ ಇಲ್ಲದಿದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ನೇರವಾಗಿ ಕೊಂಡೊಯ್ಯಿರಿ. ಅದು ದುಬಾರಿ, ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆಯೂ ಇಲ್ಲ.

ರ‍್ಯಾನ್ಸಮ್‌ವೇರ್ ಹೊಕ್ಕಿತು: ವೈಫೈ ಆಫ್ ಮಾಡಿ, ಕೇಬಲ್‌ಗಳನ್ನು ಕೀಳಿ. ಫೋಟೋ ವಾಪಸ್ ತೆಗೆಯುವ ಅವಸರದಲ್ಲಿ ಬ್ಯಾಕಪ್ ಡಿಸ್ಕ್ ಅನ್ನು ಅದೇ ಕಂಪ್ಯೂಟರಿಗೆ ಹಾಕಬೇಡಿ, ಅದಕ್ಕೂ ಬೀಗ ಬೀಳುತ್ತದೆ. ಕಂಪ್ಯೂಟರ್ ಪೂರ್ತಿ ಒರೆಸಿ ಹೊಸದಾಗಿ ಸಿಸ್ಟಮ್ ಹಾಕಿದ ಮೇಲೆಯೇ ಡಿಸ್ಕ್ ಜೋಡಿಸಿ.

ಫೋನ್ ಕಳೆದುಹೋಯಿತು: ದೂರದಿಂದಲೇ ಒರೆಸುವ ಮೊದಲು ಇನ್ನೊಂದು ಸಾಧನದಿಂದ ಲಾಗಿನ್ ಆಗಿ ಕೊನೆಯ ಫೋಟೋ ಯಾವ ದಿನದ್ದು ನೋಡಿ. ಫೋನ್ ಇನ್ನೂ ಆನ್ ಇದ್ದರೆ ಬಾಕಿ ಫೋಟೋಗಳು ಮೇಲೇರುತ್ತಿರಬಹುದು. ಲಾಕ್ ಮಾಡಿ ಸ್ವಲ್ಪ ಕಾಯುವುದೋ, ತಕ್ಷಣ ಒರೆಸುವುದೋ ಅನ್ನುವುದು ಫೋನಿನಲ್ಲಿ ಬೇರೆ ಏನೇನಿದೆ ಅನ್ನುವುದರ ಮೇಲೆ. ಬ್ಯಾಂಕಿನ ಆ್ಯಪ್‌ಗಳಿದ್ದು ಲಾಕ್ ಗಟ್ಟಿ ಇಲ್ಲದಿದ್ದರೆ ನಾನಾದರೆ ಕಾಯುವುದಿಲ್ಲ.

ಇನ್ನೊಂದು ಸನ್ನಿವೇಶ ಇದೆ, ಹೆಚ್ಚಿನವರು ಅದರ ಮಾತೇ ಎತ್ತುವುದಿಲ್ಲ. ನೀವೇ ಇಲ್ಲದಿದ್ದಾಗ, ಅಥವಾ ಹಾಸಿಗೆ ಹಿಡಿದಾಗ, ಮನೆಯವರು ಫೋಟೋಗಳನ್ನು ತಲುಪುವುದು ಹೇಗೆ? ಆ್ಯಪಲ್‌ನಲ್ಲಿ 'ಲೆಗಸಿ ಕಾಂಟ್ಯಾಕ್ಟ್', ಗೂಗಲ್‌ನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಅನ್ನುವ ವ್ಯವಸ್ಥೆಗಳಿವೆ. ಎರಡರಲ್ಲೂ ಒಬ್ಬರ ಹೆಸರು ಕೊಟ್ಟಿಡಿ. ಜೊತೆಗೆ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಡಿಸ್ಕ್ ಎಲ್ಲಿದೆ, ಬೀಗ ಹಾಕಿದ್ದು ಯಾವುದು, ಅದರ ಪಾಸ್‌ವರ್ಡ್ ಎಲ್ಲಿಟ್ಟಿದ್ದೀರಿ, ಯಾವ ಕ್ಲೌಡ್‌ಗೆ ಯಾವಾಗ ಹಣ ಕಟ್ಟಬೇಕು. ಪಾಸ್‌ವರ್ಡ್ ಇರುವ ಚೀಟಿ ಮತ್ತು ಡಿಸ್ಕ್ ಒಂದೇ ಜಾಗದಲ್ಲಿ ಬೇಡ. ಹಾಳೆ ಸಿದ್ಧವಾದ ಮೇಲೆ ಮನೆಯವರೊಬ್ಬರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂತು, 'ಐದು ವರ್ಷ ಹಿಂದಿನ ಒಂದು ಫೋಟೋ ತೆಗೆದು ತೋರಿಸು' ಅನ್ನಿ. ಅವರು ಎಲ್ಲಿ ತಡವರಿಸುತ್ತಾರೋ ಹಾಳೆಯಲ್ಲಿ ಅಲ್ಲಿ ತಿದ್ದಿ.